ರಟ್ಟೆಯ ಜೋಲು ಚರ್ಮ

ಪ್ರಶ್ನೆ: ವಯಸ್ಸು 42. ಎರಡು ವರ್ಷದಲ್ಲಿ 30 ಕೆ.ಜಿ. ಇಳಿದಿದ್ದೇನೆ. ಆದರೆ ರಟ್ಟೆಯ ಚರ್ಮ ಜೋಲುತ್ತಿದೆ. ಬಸ್ಸಿನಲ್ಲಿ ಕಂಬಿ ಹಿಡಿಯಲೂ ನಾಚಿಕೆ. ವ್ಯಾಯಾಮದಿಂದ ಸರಿಹೋದೀತೇ, ಆಪರೇಷನ್ ಮಾಡಿಸಲೇ?
– ಹೆಸರು ಬೇಡ, ದಾವಣಗೆರೆ

ಉತ್ತರ: ತೂಕ ಇಳಿಸಿದ್ದಕ್ಕೆ ಮೊದಲು ಶಹಭಾಸ್. ವ್ಯಾಯಾಮದಿಂದ ಸ್ನಾಯು ಬಲಿಯುತ್ತದೆ. ಹಿಗ್ಗಿ ಬಿಗುವು ಕಳೆದುಕೊಂಡ ಚರ್ಮ ಕುಗ್ಗುವುದಿಲ್ಲ. ಕ್ರೀಮಿಗೆ ದುಡ್ಡು ಸುರಿಯಬೇಡಿ. ಕೊಬ್ಬು ಹೀರಿ ತೆಗೆಯುವ ಲೈಪೋಸಕ್ಷನ್ ಒಂದನ್ನೇ ಮಾಡಿಸಿದರೆ ನಿಮ್ಮಂಥವರಲ್ಲಿ ಚರ್ಮ ಇನ್ನಷ್ಟು ಜೋತುಬೀಳಬಹುದು.

ಉಳಿದದ್ದು ಬ್ರಾಕಿಯೋಪ್ಲಾಸ್ಟಿ. ಹೆಚ್ಚಿನ ಚರ್ಮವನ್ನು ಕತ್ತರಿಸಿ ಹೊಲಿಯುತ್ತಾರೆ. ತೋಳು ತೆಳ್ಳಗಾಗುತ್ತದೆ, ನಿಜ. ಆದರೆ ಸಾಮಾನ್ಯವಾಗಿ ಕಂಕುಳಿನಿಂದ ಮೊಣಕೈ ತನಕ ಗಾಯದ ಗುರುತು ಉಳಿಯುತ್ತದೆ. ಮಾಸಲು ವರ್ಷವೇ ಹಿಡಿದೀತು, ಪೂರ್ತಿ ಅಳಿಸದು. ನಮ್ಮ ಕಂದು ಚರ್ಮದಲ್ಲಿ ಅದು ದಪ್ಪಗಾಗುವುದೂ ಉಂಟು. ಕಿವಿ ಚುಚ್ಚಿಸಿದ ಕಡೆ ನಿಮಗೆ ಗಂಟು ಎದ್ದಿತ್ತೇ? ಹಾಗಿದ್ದರೆ ಸರ್ಜನರಿಗೆ ಮೊದಲೇ ಹೇಳಿ. ಗಾಯದೊಳಗೆ ನೀರು ತುಂಬುವುದು, ಮುಂಗೈ ಸ್ಪರ್ಶ ಕಳೆದುಕೊಳ್ಳುವುದು ಕೂಡ ಕೆಲವರಿಗೆ ಆಗುತ್ತದೆ.

ಮೊಣಕೈವರೆಗಿನ ರವಿಕೆ ಜೋಲನ್ನೂ ಮುಚ್ಚುತ್ತದೆ, ಗುರುತನ್ನೂ ಮುಚ್ಚುತ್ತದೆ. ತೋಳಿಲ್ಲದ ರವಿಕೆ ತೊಡುವ ಆಸೆಯಿಂದ ಹೊರಟಿದ್ದರೆ ಇನ್ನೊಮ್ಮೆ ಯೋಚಿಸಿ. ಚರ್ಮ ಉಜ್ಜಿ ಹುಣ್ಣಾಗುತ್ತಿದ್ದರೆ ಮಾತು ಬೇರೆ.

ಮಾಡಿಸುವುದಾದರೆ ತೂಕ ಆರು ತಿಂಗಳಾದರೂ ಒಂದೇ ಮಟ್ಟದಲ್ಲಿ ನಿಂತಿರಲಿ. ಆಮೇಲೆ ಕೆಲವು ವಾರ ಬಿಗಿಪಟ್ಟಿ ಬೇಕು. ಕೊಡ ಎತ್ತುವ ಕೆಲಸ ಮನೆಯವರು ವಹಿಸಿಕೊಳ್ಳಲಿ.