ಬ್ರಹ್ಮಗಂಟಲ್ಲ, ಒಪ್ಪಿಗೆಯ ಗಂಟು

ಭಾನುವಾರದ ಬಲಿಪೂಜೆ ಮುಗಿಯುವ ಹೊತ್ತಿಗೆ ಪಾದ್ರಿಗಳು ಒಂದು ಹಾಳೆ ಬಿಡಿಸಿ ಓದುತ್ತಾರೆ. ಇಂಥ ಊರಿನ ಇಂಥವರ ಮಗ, ಇಂಥ ಊರಿನ ಇಂಥವರ ಮಗಳು ಮದುವೆಯಾಗಲು ನಿಶ್ಚಯಿಸಿದ್ದಾರೆ; ಈ ಮದುವೆಗೆ ಏನಾದರೂ ಅಡ್ಡಿಯಿರುವುದು ಯಾರಿಗಾದರೂ ಗೊತ್ತಿದ್ದರೆ ತಿಳಿಸಬೇಕು. ಮೂರು ಭಾನುವಾರ ಹೀಗೆ ಹೆಸರು ಓದುವುದು ವಾಡಿಕೆ. ಹಿಂದಿನ ಬೆಂಚಿನ ಹುಡುಗರು ಮೊಣಕೈ ತಿವಿದುಕೊಂಡು ನಗುತ್ತಾರೆ. ಹೆಸರು ಓದಿಸಿಕೊಂಡ ಹುಡುಗಿ ತಲೆ ತಗ್ಗಿಸುತ್ತಾಳೆ. ದಕ್ಷಿಣ ಕನ್ನಡದ ಇಗರ್ಜಿಗಳಲ್ಲಿ ಇದು ಎಲ್ಲರೂ ಕಂಡ ದೃಶ್ಯ.

ಅಷ್ಟಾಗಿ ಯಾರ ಕಣ್ಣಿಗೂ ಬೀಳದ ಇನ್ನೊಂದು ಘಟ್ಟವಿದೆ. ಮದುವೆಗೆ ಮೊದಲು ಪಾದ್ರಿಗಳು ಹುಡುಗನನ್ನೂ ಹುಡುಗಿಯನ್ನೂ ಬೇರೆ ಬೇರೆಯಾಗಿ ಕೂರಿಸಿಕೊಂಡು ಪ್ರಶ್ನೆ ಕೇಳುತ್ತಾರೆ. ನಿನ್ನ ಸ್ವಂತ ಇಷ್ಟದಿಂದ ಬಂದಿದ್ದೀಯಾ? ಯಾರಾದರೂ ಒತ್ತಾಯ ಮಾಡಿದ್ದಾರೆಯೆ? ಸಾಯುವವರೆಗೂ ಜೊತೆಗಿರುವ ಮನಸ್ಸಿದೆಯೆ? ಮಕ್ಕಳು ಬೇಕೆಂಬ ಇಚ್ಛೆ ಇದೆಯೆ? ಉತ್ತರಗಳನ್ನು ಬರೆದುಕೊಂಡು ಸಹಿ ಹಾಕಿಸಿಕೊಳ್ಳುತ್ತಾರೆ. ಆ ಹೊತ್ತಿನಲ್ಲಿ ಅಪ್ಪ ಅಮ್ಮ ಹೊರಗಿನ ವರಾಂಡದ ಬೆಂಚಿನ ಮೇಲೆ ಕೂತಿರುತ್ತಾರೆ. ಹಾಲ್ ಗೊತ್ತುಮಾಡಿದವರು, ಚಿನ್ನ ಮಾಡಿಸಿದವರು, ರೋಸ್ ಶಾಸ್ತ್ರಕ್ಕೆ ಎಷ್ಟು ತೆಂಗಿನಕಾಯಿ ಬೇಕೆಂದು ಲೆಕ್ಕ ಹಾಕಿದವರು ಅವರೇ. ಆದರೂ ಆ ಹತ್ತು ನಿಮಿಷ ಅವರಿಗೆ ಒಳಗೆ ಜಾಗವಿಲ್ಲ.

ಈ ಏರ್ಪಾಡಿನ ಹಿಂದೆ ಒಂದು ದೊಡ್ಡ ತತ್ತ್ವವೇ ಇದೆ. ಕನ್ನಡದಲ್ಲಿ ಮದುವೆಗೆ ಬ್ರಹ್ಮಗಂಟು ಎಂಬ ಮಾತಿದೆ. ಹಣೆಯಲ್ಲಿ ಬರೆದದ್ದು, ಮೇಲಿನವನು ಹಾಕಿದ್ದು ಎಂದು ಅರ್ಥ. ಕ್ರೈಸ್ತರ ಮದುವೆಯೂ ದೇವರ ಮುಂದೆ ಆಗುವಂಥದ್ದೇ. ಆದರೆ ರೋಮನ್ ಕ್ಯಾಥೊಲಿಕ್ ಸಂಪ್ರದಾಯದ ಪ್ರಕಾರ ಗಂಟು ಹಾಕುವವರು ಪಾದ್ರಿಗಳಲ್ಲ, ಹೆತ್ತವರೂ ಅಲ್ಲ, ಸ್ವತಃ ವಧೂವರರು. ಪಾದ್ರಿಗಳು ಸಭೆಯ ಪರವಾಗಿ ನಿಂತು ಅವರ ಒಪ್ಪಿಗೆಯನ್ನು ಕೇಳಿ ಸ್ವೀಕರಿಸುತ್ತಾರೆ, ಅಷ್ಟೆ. 1983ರಲ್ಲಿ ಜಾರಿಗೆ ಬಂದ ಕ್ಯಾಥೊಲಿಕ್ ಧರ್ಮಸಂಹಿತೆಯ 1057ನೆಯ ವಿಧಿ ಹೇಳುವುದು ಇದನ್ನೇ: ಮದುವೆಯನ್ನು ಮದುವೆಯಾಗಿ ಮಾಡುವುದು ಆ ಇಬ್ಬರ ಒಪ್ಪಿಗೆ, ಅವರ ಬದಲಿಗೆ ಬೇರೆ ಯಾರೂ ಅದನ್ನು ಕೊಡಲು ಬರುವುದಿಲ್ಲ. 1103ನೆಯ ವಿಧಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಬಲವಂತದಿಂದಲೋ, ಪಾರಾಗಲು ಬೇರೆ ದಾರಿಯೇ ಕಾಣದಂಥ ಭಯದಿಂದಲೋ ಹೇಳಿದ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಹೂವಿನ ಅಲಂಕಾರ, ಬ್ಯಾಂಡು, ಸಾವಿರ ಜನರ ಊಟ ಎಲ್ಲ ನಡೆದಿದ್ದರೂ ಅಲ್ಲಿ ಮದುವೆ ನಡೆದಿಲ್ಲ.

ಭಯವೆಂದರೆ ಕತ್ತಿ ಹಿಡಿದು ಬೆದರಿಸುವುದೇ ಆಗಬೇಕಿಲ್ಲ. ಅಪ್ಪ ಮಾತು ಬಿಟ್ಟಾರು, ಅಮ್ಮ ಊಟ ಬಿಟ್ಟಾಳು ಎಂಬ ಹೆದರಿಕೆಯೂ ಮಿತಿ ಮೀರಿದರೆ ಭಯವೇ. ಹಿರಿಯರ ಮೇಲಿನ ಗೌರವದಿಂದ ಹುಟ್ಟುವ ಈ ಭಯವನ್ನು ಧರ್ಮಸಭೆಯ ನ್ಯಾಯಮಂಡಳಿಗಳು ಬಹಳ ಹಿಂದಿನಿಂದಲೂ ಗುರುತಿಸಿವೆ. ಮಗಳ ಪದವಿ ಪರೀಕ್ಷೆ ಮುಗಿಯುವ ಮೊದಲೇ ಗಲ್ಫ್‌ನಲ್ಲಿರುವ ಹುಡುಗನಿಗೆ ಮಾತು ಕೊಟ್ಟುಬಿಡುವ ತಂದೆತಾಯಿಗಳು ಈ ವಿಧಿಯನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಒಪ್ಪಿಗೆಯ ಬಗ್ಗೆ ಇಷ್ಟು ಬಿಗಿ ಏಕೆಂದರೆ, ಒಮ್ಮೆ ಬಿದ್ದ ಗಂಟನ್ನು ಬಿಚ್ಚಲು ಆ ಸಭೆ ಒಪ್ಪುವುದಿಲ್ಲ. ಇದರ ಮೂಲ ಸುವಾರ್ತೆಗಳಲ್ಲಿ ಬರುವ ಒಂದು ವಾದದಲ್ಲಿದೆ. ಯೇಸುವಿನ ಕಾಲದ ಯೆಹೂದ್ಯರಲ್ಲಿ ಗಂಡನಾದವನು ತ್ಯಾಗಪತ್ರ ಬರೆದುಕೊಟ್ಟು ಹೆಂಡತಿಯನ್ನು ಕಳುಹಿಸಬಹುದಿತ್ತು. ಯಾವ ಕಾರಣಕ್ಕೆ ಎಂಬ ಬಗ್ಗೆ ಪಂಡಿತರಲ್ಲಿ ಎರಡು ಪಂಗಡ. ಶಮ್ಮಾಯಿಯ ಶಿಷ್ಯರು ನಡತೆಗೆಟ್ಟರೆ ಮಾತ್ರ ಎಂದರು. ಹಿಲ್ಲೇಲನ ಶಿಷ್ಯರು ಅಡುಗೆ ಕೆಡಿಸಿದರೂ ಸಾಕು ಎಂದರು. ನೀನು ಯಾವ ಕಡೆ ಎಂದು ಫರಿಸಾಯರು ಬಂದು ಕೇಳಿದಾಗ ಯೇಸು ಎರಡೂ ಕಡೆ ಸೇರಲಿಲ್ಲ. ಮೋಶೆ ಆ ಅನುಮತಿ ಕೊಟ್ಟದ್ದು ನಿಮ್ಮ ಎದೆ ಕಲ್ಲಾಗಿದ್ದರಿಂದ. ಆದಿಯಲ್ಲಿ ಹಾಗಿರಲಿಲ್ಲ, ದೇವರು ಸೇರಿಸಿದ್ದನ್ನು ಮನುಷ್ಯ ಅಗಲಿಸತಕ್ಕದ್ದಲ್ಲ ಎಂಬುದು ಅವನ ಉತ್ತರದ ಸಾರ. ಒಂದು ಚೀಟಿ ಬರೆದು ಹೆಂಡತಿಯನ್ನು ಬೀದಿಗೆ ಕಳುಹಿಸಬಹುದಾಗಿದ್ದ ಕಾಲದಲ್ಲಿ ಆ ಮಾತು ಯಾರಿಗೆ ಆಸರೆಯಾಗಿತ್ತೆಂದು ಬಿಡಿಸಿ ಹೇಳಬೇಕಾಗಿಲ್ಲ.

ತೊಡಕು ಶುರುವಾಗುವುದು ಆಮೇಲೆ. ಮಾರ್ಕನ ಸುವಾರ್ತೆಯಲ್ಲಿ ಈ ನಿಯಮಕ್ಕೆ ಯಾವ ವಿನಾಯಿತಿಯೂ ಇಲ್ಲ. ಮತ್ತಾಯನ ಸುವಾರ್ತೆಯ 19ನೆಯ ಅಧ್ಯಾಯದಲ್ಲಿ ವ್ಯಭಿಚಾರದ ಕಾರಣವನ್ನು ಹೊರತುಪಡಿಸುವ ಒಂದು ಮಾತು ಇದೆ. ಕ್ರಿಸ್ತನನ್ನು ನಂಬದ ಗಂಡನೋ ಹೆಂಡತಿಯೋ ತಾನಾಗಿ ಬಿಟ್ಟುಹೋದರೆ ಉಳಿದವರು ಬದ್ಧರಲ್ಲ ಎಂದು ಪೌಲನು ಕೊರಿಂಥದವರಿಗೆ ಬರೆದ. ಈ ಒಂದೆರಡು ಮಾತುಗಳನ್ನು ಹೇಗೆ ಓದಬೇಕೆಂಬುದರ ಮೇಲೆ ಸಭೆಗಳೇ ಬೇರೆ ಬೇರೆ ದಾರಿ ಹಿಡಿದವು. ಪೂರ್ವದ ಆರ್ಥೊಡಾಕ್ಸ್ ಸಭೆಗಳು ಮನುಷ್ಯನ ದುರ್ಬಲತೆಗೆ ರಿಯಾಯಿತಿಯೆಂದು ಮರುಮದುವೆಗೆ ಅವಕಾಶ ಕೊಡುತ್ತವೆ. ಆದರೆ ಎರಡನೆಯ ಮದುವೆಯ ಪ್ರಾರ್ಥನೆಗಳಲ್ಲಿ ಸಂಭ್ರಮಕ್ಕಿಂತ ಪಶ್ಚಾತ್ತಾಪದ ಧ್ವನಿಯೇ ಹೆಚ್ಚು. ಮಾರ್ಟಿನ್ ಲೂಥರ್ ಮದುವೆಯನ್ನು ಸಂಸ್ಕಾರಗಳ ಪಟ್ಟಿಯಿಂದಲೇ ತೆಗೆದ. ಅದು ಲೋಕದ ವ್ಯವಹಾರ, ವ್ಯಭಿಚಾರವಾದರೆ ಅಥವಾ ಬಿಟ್ಟುಹೋದರೆ ವಿಚ್ಛೇದನ ಆಗಬಹುದು ಎಂದ. ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಇಂದಿಗೂ ನಿಯಮ ಸಭೆಯಿಂದ ಸಭೆಗೆ ಬೇರೆ. ಇಂಗ್ಲೆಂಡಿನ ಸಭೆಯದು ಎಲ್ಲರಿಗಿಂತ ವಿಚಿತ್ರ ಕಥೆ. ವಿಚ್ಛೇದಿತನೊಬ್ಬನನ್ನು ಮದುವೆಯಾಗುವ ಆಸೆಯನ್ನು ರಾಜಕುಮಾರಿ ಮಾರ್ಗರೆಟ್ 1955ರಲ್ಲಿ ಕೈಬಿಟ್ಟಳು, ಸಭೆಯ ಬೋಧನೆಯನ್ನು ನೆನೆದೇ. ಅದೇ ಸಭೆ 2002ರಲ್ಲಿ ವಿಶೇಷ ಸಂದರ್ಭಗಳಲ್ಲಿ ವಿಚ್ಛೇದಿತರ ಮದುವೆಗೆ ಒಪ್ಪಿತು. 2005ರಲ್ಲಿ ಅವಳ ಅಕ್ಕನ ಮಗ ಚಾರ್ಲ್ಸ್ ವಿಂಡ್ಸರ್‌ನಲ್ಲಿ ಮೊದಲು ಸಿವಿಲ್ ಮದುವೆಯಾಗಿ, ಆಮೇಲೆ ಚರ್ಚಿನಲ್ಲಿ ಆಶೀರ್ವಾದ ಪಡೆದ. ಚಿಕ್ಕಮ್ಮನಿಗೆ ಇಲ್ಲದ ಬಾಗಿಲು ಅರ್ಧ ತೆರೆದಿತ್ತು.

ಕ್ಯಾಥೊಲಿಕ್ ಸಭೆ ಮಾತ್ರ ಕದಲಲಿಲ್ಲ. ಅಲ್ಲಿ ಇರುವುದು ವಿಚ್ಛೇದನವಲ್ಲ, ಅಸಿಂಧು ಘೋಷಣೆ. ಎರಡೂ ಒಂದೇ ಎಂದು ತಿಳಿದವರೇ ಹೆಚ್ಚು. ವಿಚ್ಛೇದನವೆಂದರೆ ಇದ್ದ ಮದುವೆಯನ್ನು ಮುಗಿಸುವುದು. ಅಸಿಂಧು ಘೋಷಣೆಯೆಂದರೆ, ಮೊದಲ ದಿನವೇ ಮದುವೆಯಾಗಿರಲಿಲ್ಲ ಎಂದು ವಿಚಾರಣೆ ನಡೆಸಿ ಹೇಳುವುದು. ಮತ್ತೆ ಬಂದು ನಿಲ್ಲುವುದು ವರಾಂಡದ ಆಚೆಗಿನ ಅದೇ ಕೋಣೆಯಲ್ಲಿ: ಅಂದು ಕೊಟ್ಟ ಒಪ್ಪಿಗೆ ನಿಜವಾಗಿತ್ತೆ? ಮುಖ್ಯವಾದ ಯಾವುದಾದರೂ ವಿಷಯದಲ್ಲಿ ಮೋಸ ನಡೆದಿತ್ತೆ? ಆ ಜವಾಬ್ದಾರಿ ಹೊರುವ ಮಾನಸಿಕ ಸಾಮರ್ಥ್ಯ ಇಬ್ಬರಿಗೂ ಇತ್ತೆ? ಮೊದಲು ಇದಕ್ಕೆ ಎರಡು ನ್ಯಾಯಮಂಡಳಿಗಳ ಒಮ್ಮತದ ತೀರ್ಪು ಬೇಕಾಗಿತ್ತು. 2015ರಲ್ಲಿ ಪೋಪ್ ಫ್ರಾನ್ಸಿಸ್ ಆ ಎರಡನೆಯ ತೀರ್ಪಿನ ಕಡ್ಡಾಯವನ್ನು ತೆಗೆದುಹಾಕಿದರು.

ಅಪ್ಪ ಅಮ್ಮನ ಮದುವೆ ಅಸಿಂಧುವಾದರೆ ತಾವು ಯಾರ ಮಕ್ಕಳು ಎಂಬ ಕಳವಳ ಕೆಲವು ಮನೆಗಳ ಮಕ್ಕಳಿಗೆ ಇರುತ್ತದೆ. ಬಾಯಿಬಿಟ್ಟು ಕೇಳುವುದಿಲ್ಲ, ಒಳಗೇ ಇಟ್ಟುಕೊಂಡು ಕೊರಗುತ್ತಾರೆ. ಒಳ್ಳೆಯ ನಂಬಿಕೆಯಿಂದ ಆದ ಮದುವೆ ಮುಂದೆ ಅಸಿಂಧುವೆಂದು ತೀರ್ಮಾನವಾದರೂ ಅದರಲ್ಲಿ ಹುಟ್ಟಿದ ಮಕ್ಕಳು ಔರಸರೇ ಎಂದು 1137ನೆಯ ವಿಧಿ ಹೇಳುತ್ತದೆ. ಇನ್ನೂ ಎರಡು ತಪ್ಪು ತಿಳಿವಳಿಕೆಗಳಿವೆ. ವಿಚ್ಛೇದನವಿಲ್ಲ ಎಂದ ಮಾತ್ರಕ್ಕೆ ಏಟು ತಿಂದುಕೊಂಡು ಬಿದ್ದಿರಬೇಕು ಎಂಬುದು ಒಂದು. ಸಂಗಾತಿಯಿಂದ ತನಗೋ ಮಕ್ಕಳಿಗೋ ದೇಹಕ್ಕಾಗಲಿ ಮನಸ್ಸಿಗಾಗಲಿ ಗಂಭೀರ ಅಪಾಯವಿದ್ದರೆ ಬೇರೆ ವಾಸಿಸಲು 1153ನೆಯ ವಿಧಿ ನ್ಯಾಯವಾದ ಕಾರಣ ಒದಗಿಸುತ್ತದೆ. ಹೊಡೆತ ಸಹಿಸಿಕೊಳ್ಳುವುದೇ ಶಿಲುಬೆ ಹೊರುವುದು ಎಂದು ಮಗಳಿಗೆ ಬುದ್ಧಿ ಹೇಳಿ ವಾಪಸು ಕಳುಹಿಸುವ ಹಿರಿಯರು ತಮ್ಮ ಸಭೆಯ ನಿಯಮವನ್ನೇ ಓದಿಲ್ಲ. ಇನ್ನೊಂದು, ನ್ಯಾಯಾಲಯದಲ್ಲಿ ವಿಚ್ಛೇದನ ಪಡೆದವರು ಪರಮಪ್ರಸಾದ ಸ್ವೀಕರಿಸುವಂತಿಲ್ಲ ಎಂಬುದು. ಮರುಮದುವೆಯಾಗದೆ ಉಳಿದವರಿಗೆ ಆ ಕಾರಣಕ್ಕಾಗಿ ಅಂಥ ತಡೆಯೇನೂ ಇಲ್ಲ.

ಇದಿಷ್ಟು ಇಗರ್ಜಿಯ ಮಾತಾಯಿತು. ಸರ್ಕಾರದ ಕಾನೂನು ಹೇಗಿತ್ತೆಂದು ನೋಡಿದರೆ ತಲೆ ತಗ್ಗಿಸಬೇಕಾಗುತ್ತದೆ. ಭಾರತದ ಕ್ರೈಸ್ತರ ವಿಚ್ಛೇದನಕ್ಕೆ ಬ್ರಿಟಿಷರು ಮಾಡಿದ ಕಾಯ್ದೆ 1869ರದು. ಅದರ 10ನೆಯ ಸೆಕ್ಷನ್ ಪ್ರಕಾರ ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದನ್ನೇ ತೋರಿಸಿದರೆ ಸಾಕಿತ್ತು. ಹೆಂಡತಿಗೆ ಹಾಗಲ್ಲ. ಗಂಡನ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ, ಎರಡು ವರ್ಷ ಬಿಟ್ಟುಹೋಗಿದ್ದನ್ನೋ, ಅಂಥ ಇನ್ನೊಂದು ಅಪರಾಧವನ್ನೋ ಸೇರಿಸಿ ಸಾಬೀತು ಮಾಡಬೇಕು. ಬರೀ ಹೊಡೆದರೆ ಸಾಲದು, ಬರೀ ಓಡಿಹೋದರೂ ಸಾಲದು. ಮದುವೆಯ ಮಂತ್ರದಲ್ಲಿ ಇಬ್ಬರೂ ಒಂದೇ ಮಾತು ಕೊಟ್ಟಿದ್ದರು; ಮಾತು ಮುರಿದಾಗ ಮಾತ್ರ ತಕ್ಕಡಿ ಬೇರೆ. ಇಷ್ಟೆಲ್ಲ ಆಗಿ ಜಿಲ್ಲಾ ನ್ಯಾಯಾಲಯ ಡಿಕ್ರಿ ಕೊಟ್ಟರೂ ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳು ಅದನ್ನು ಖಾಯಂ ಮಾಡುವವರೆಗೆ ಬಿಡುಗಡೆಯಿಲ್ಲ.

ಈ ಅಸಮಾನತೆ ಇಂಗ್ಲೆಂಡಿನ 1857ರ ಕಾಯ್ದೆಯಿಂದ ಬಂದದ್ದು. ಇಂಗ್ಲೆಂಡಿನವರು 1923ರಲ್ಲೇ ತಮ್ಮಲ್ಲಿ ಅದನ್ನು ಸರಿಪಡಿಸಿಕೊಂಡರು. ಸ್ವತಂತ್ರ ಭಾರತ ಅದನ್ನು ಹಾಗೇ ಇಟ್ಟುಕೊಂಡಿತು. ಕಾನೂನು ಆಯೋಗ 1983ರಲ್ಲಿ ಬದಲಾವಣೆಗೆ ಶಿಫಾರಸು ಮಾಡಿತು. ಮತ್ತೆ 1998ರಲ್ಲಿ ಮಾಡಿತು. ನಡುವೆ 1995ರಲ್ಲಿ ಕೇರಳ ಹೈಕೋರ್ಟ್, ಕೆಲವು ಹೆಣ್ಣುಮಕ್ಕಳು ತಂದ ಅರ್ಜಿಗಳ ಮೇಲೆ, ಕ್ರೌರ್ಯವೊಂದೇ ಅಥವಾ ತ್ಯಜಿಸಿಹೋದದ್ದೊಂದೇ ಸಾಕೆಂದು ಆ ಸೆಕ್ಷನ್ನಿನ ಅನ್ಯಾಯದ ಭಾಗವನ್ನು ಕಿತ್ತುಹಾಕಿತು. ಕೊನೆಗೆ ಸಂಸತ್ತು ಎಚ್ಚೆತ್ತದ್ದು 2001ರಲ್ಲಿ, ಅಂದರೆ 132 ವರ್ಷಗಳ ಮೇಲೆ. ಗಂಡಹೆಂಡಿರಿಗೆ ಒಂದೇ ಬಗೆಯ ಕಾರಣಗಳು ಬಂದವು, ಹೈಕೋರ್ಟಿನ ಮುದ್ರೆ ಹೋಯಿತು, ಪರಸ್ಪರ ಒಪ್ಪಿಗೆಯ ವಿಚ್ಛೇದನವೂ ಬಂತು. ಅದರಲ್ಲೂ ಒಂದು ಕೊಕ್ಕೆ ಉಳಿಯಿತು. ಹಿಂದೂಗಳಿಗೆ ಒಂದು ವರ್ಷ ಬೇರೆಯಿದ್ದರೆ ಸಾಕು, ಕ್ರೈಸ್ತರಿಗೆ ಎರಡು ವರ್ಷ. ಕೇರಳ ಹೈಕೋರ್ಟ್ 2010ರಲ್ಲಿ ಅದನ್ನು ಒಂದಕ್ಕೆ ಇಳಿಸಿತು. ಆಮೇಲೆ ಕರ್ನಾಟಕ ಹೈಕೋರ್ಟ್ ಕೂಡ ಅದೇ ನಿಲುವಿಗೆ ಬಂತು. 2022ರ ಡಿಸೆಂಬರಿನಲ್ಲಿ ಕೇರಳ ಹೈಕೋರ್ಟ್ ಆ ಒಂದು ವರ್ಷದ ಕಾಯುವಿಕೆಯೂ ಮೂಲಭೂತ ಹಕ್ಕುಗಳಿಗೆ ವಿರುದ್ಧವೆಂದು ಹೇಳಿತು.

ಹೀಗೆ ಒಬ್ಬ ಕ್ಯಾಥೊಲಿಕನಿಗೆ ಬಾಗಿಲು ಎರಡು. ಒಂದರ ಚೀಟಿ ಇನ್ನೊಂದರಲ್ಲಿ ನಡೆಯುವುದಿಲ್ಲ. ಇಗರ್ಜಿಯ ನ್ಯಾಯಮಂಡಳಿ ಮದುವೆ ಅಸಿಂಧುವೆಂದರೂ ಕಾನೂನಿನ ಲೆಕ್ಕದಲ್ಲಿ ಅವರು ಗಂಡಹೆಂಡಿರೇ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಮೋಲಿ ಜೋಸೆಫ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಇಗರ್ಜಿಯ ಕಾಗದ ನಂಬಿ ಇನ್ನೊಂದು ಮದುವೆಯಾದವರು ದ್ವಿಪತ್ನಿತ್ವದ ಮೊಕದ್ದಮೆ ಎದುರಿಸಬೇಕಾದೀತು. ಈ ಗೋಜಲನ್ನು ಬಿಡಿಸಬೇಕೆಂದು ಕರ್ನಾಟಕದ ವಕೀಲ ಕ್ಲಾರೆನ್ಸ್ ಪೈಸ್ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ಧರ್ಮಸಭೆಯ ತೀರ್ಪಿಗೆ ನ್ಯಾಯಾಲಯದ ಡಿಕ್ರಿಯ ಮಾನ್ಯತೆ ಕೊಡಬೇಕೆಂಬುದು ಅವರ ಕೋರಿಕೆ. 2017ರ ಜನವರಿಯಲ್ಲಿ ನ್ಯಾಯಾಲಯ ಅರ್ಜಿಯನ್ನು ತಳ್ಳಿಹಾಕಿತು. ಸಂಸತ್ತಿನ ಕಾನೂನು ಇರುವಾಗ ಧಾರ್ಮಿಕ ನ್ಯಾಯಮಂಡಳಿಯ ಮಾತು ಅದರ ಜಾಗಕ್ಕೆ ಬರಲಾರದು ಎಂದಿತು. ಪೈಸ್ ಅವರ ಅಳಲಿನಲ್ಲಿ ಹುರುಳಿತ್ತು, ತೀರ್ಪಿನಲ್ಲೂ ಇತ್ತು. ಒಂದೊಂದು ಧರ್ಮಕ್ಕೆ ಒಂದೊಂದು ಕೋರ್ಟು ಎಂದು ಹೊರಟರೆ, ಅಲ್ಲಿ ಬಡವಳೊಬ್ಬಳು ಜೀವನಾಂಶ ಕೇಳುವುದು ಯಾರ ಬಳಿ?

ಈಗ ಧರ್ಮಪ್ರಾಂತ್ಯಗಳಲ್ಲಿ ಮದುವೆಗೆ ಮೊದಲು ತರಬೇತಿ ಶಿಬಿರವಿದೆ. ಹಣಕಾಸು, ಸಿಟ್ಟು, ಅತ್ತೆ ಮಾವ, ಮಕ್ಕಳು ಎಲ್ಲದರ ಬಗ್ಗೆಯೂ ಅಲ್ಲಿ ಮಾತು ಬರುತ್ತದೆ. ಆಮಂತ್ರಣ ಪತ್ರಿಕೆ ಅಚ್ಚಾದ ಮೇಲೆ ಸರ್ಟಿಫಿಕೇಟಿಗಾಗಿ ಮಾತ್ರ ಹೋಗಿ ಕೂರುವವರಿಗೇನೂ ಕೊರತೆಯಿಲ್ಲ. ಆಗ ಏನು ಗೊತ್ತಾದರೂ ಹಿಂದೆ ಸರಿಯುವ ಧೈರ್ಯ ಯಾರಿಗಿರುತ್ತದೆ? ಪಾದ್ರಿಗಳ ಕೋಣೆಯ ಪ್ರಶ್ನೆಗಳ ಪಾಡೂ ಅದೇ. ಒಳಗೆ ಹುಡುಗಿ ಪ್ರಶ್ನೆ ಕೇಳಿಸಿಕೊಂಡು ಒಂದು ಕ್ಷಣ ಸುಮ್ಮನಾದರೆ, ಹೊರಗೆ ಬೆಂಚಿನ ಮೇಲೆ ಕೂತವರು ಗಡಿಯಾರ ನೋಡಿಕೊಳ್ಳುತ್ತಾರೆ.