ಅಂಕಪಟ್ಟಿಯ ಫ್ರೆಂಚ್

ಮಗಳನ್ನು ಬೆಂಗಳೂರಿನ ಕಾಲೇಜಿನಲ್ಲಿ ಬಿ.ಕಾಂ.ಗೋ ಬಿ.ಬಿ.ಎ.ಗೋ ಸೇರಿಸಲು ಹೊರಟ ತಾಯಂದಿರಿಗೆ ಸಿಗುವ ಮೊದಲ ಉಪದೇಶ, ‘ಎರಡನೇ ಭಾಷೆಗೆ ಫ್ರೆಂಚ್ ಕೊಡಿಸಿಬಿಡಿ, ಒಳ್ಳೇ ಸ್ಕೋರಿಂಗು!’ ಎಂಬುದು. ಫ್ರೆಂಚ್ ಕಲಿತ ಹುಡುಗಿ ಮುಂದೆ ಯಾರೊಡನೆ, ಏನು ಮಾತಾಡುತ್ತಾಳೆ ಎಂದು ಯಾರೂ ಕೇಳುವುದಿಲ್ಲ. ತೊಂಬತ್ತು ಬಂತೋ ತೊಂಬತ್ತೈದು ಬಂತೋ ಎಂಬುದಷ್ಟೇ ಚಿಂತೆ. ಭಾಷೆಯೊಂದು ಅಂಕ ಕೊಡುವ ಆಕಳಾಗಿಬಿಟ್ಟಿದೆ. ಕರೆದುಕೊಂಡ ಮೇಲೆ ಅದರ ಕಡೆ ತಿರುಗಿ ನೋಡುವವರಿಲ್ಲ.

ಇನ್ನು ಕೆಲವರ ವಾದವೇ ಬೇರೆ. ಲೆಕ್ಕ, ತೆರಿಗೆ, ಮಾರುಕಟ್ಟೆ ಕಲಿಯುವ ಮಕ್ಕಳಿಗೆ ಪರಭಾಷೆಯ ಹೊರೆ ಏಕೆ, ಅದನ್ನು ತೆಗೆದೇ ಹಾಕಿ ಎನ್ನುತ್ತಾರೆ. ಇಬ್ಬರ ಮಾತನ್ನೂ ನಾನು ಒಪ್ಪುವುದಿಲ್ಲ. ವ್ಯಾಪಾರದ ಪದವಿಯಲ್ಲಿ ಪರಭಾಷೆ ಇರಲೇಬೇಕು. ಆದರೆ ಅದರ ಪರೀಕ್ಷೆ ಬಾಯಲ್ಲಿ ನಡೆಯಬೇಕು.

ವ್ಯಾಪಾರ ಹುಟ್ಟಿದ್ದೇ ಬಾಯಲ್ಲಿ ಅಲ್ಲವೇ? ಮಂಗಳೂರಿನಲ್ಲಿ ಮೀನು ಮಾರುವ ಹೆಂಗಸು ಒಬ್ಬರೊಡನೆ ತುಳು, ಇನ್ನೊಬ್ಬರೊಡನೆ ಕೊಂಕಣಿ, ಮತ್ತೊಬ್ಬರೊಡನೆ ಕನ್ನಡ ಆಡಿ ಬುಟ್ಟಿ ಖಾಲಿ ಮಾಡಿಕೊಂಡು ಹೋಗುತ್ತಾಳೆ. ಅವಳ ಬಳಿ ಅಂಕಪಟ್ಟಿ ಇಲ್ಲ, ಭಾಷೆ ಇದೆ. ನಮ್ಮ ಮಕ್ಕಳ ಬಳಿ ಅಂಕಪಟ್ಟಿ ಇದೆ!

ವ್ಯಾಪಾರಕ್ಕೆ ಬಂದು ನಮ್ಮನ್ನೇ ಆಳತೊಡಗಿದ ಕಂಪನಿ ಸರ್ಕಾರಕ್ಕೆ ಈ ಗುಟ್ಟು ಗೊತ್ತಿತ್ತು. 1800ರಲ್ಲಿ ಕಲ್ಕತ್ತೆಯಲ್ಲಿ ಫೋರ್ಟ್ ವಿಲಿಯಂ ಕಾಲೇಜು, 1812ರಲ್ಲಿ ಮದರಾಸಿನಲ್ಲಿ ಫೋರ್ಟ್ ಸೇಂಟ್ ಜಾರ್ಜ್ ಕಾಲೇಜು ತೆರೆದು, ತನ್ನ ಹುಡುಗರನ್ನು ಕೂರಿಸಿ ನಮ್ಮ ನಾಡಿನ ಭಾಷೆಗಳನ್ನು ಕಲಿಸಿತು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕುವ ಹೊತ್ತಿಗೆ ಇಲ್ಲಿಯ ನುಡಿ ಕಲಿತು, 1843ರಲ್ಲೇ ‘ಮಂಗಳೂರ ಸಮಾಚಾರ’ ಎಂಬ ಕನ್ನಡ ಪತ್ರಿಕೆಯನ್ನೂ ಹೊರಡಿಸಿದ್ದರು. ಅವರ ಉದ್ದೇಶ ಏನೇ ಇರಲಿ, ನಮ್ಮೊಡನೆ ಕೆಲಸವಿದ್ದಾಗ ನಮ್ಮ ಮಾತು ಕಲಿತರು. ನಮ್ಮ ಮಕ್ಕಳಿಗೆ ಹೊರಗಿನವರೊಡನೆ ಕೆಲಸ ಬಂದಾಗ ನಾವು ಕೊಡುತ್ತಿರುವುದು ಗೈಡ್ ಪುಸ್ತಕ.

‘ಇಂಗ್ಲಿಷ್ ಸಾಲದೇ? ಮೊಬೈಲೇ ಅನುವಾದ ಮಾಡಿಕೊಡುತ್ತದಲ್ಲ?’ ಎಂದು ಕೇಳುವವರಿದ್ದಾರೆ. ಕಾಗದ ಓದಲು ಮೊಬೈಲು ಸಾಕು. ಆದರೆ ಎದುರಿಗೆ ಕೂತವರು ‘ನೋಡೋಣ’ ಎಂದಾಗ ಅದು ಒಪ್ಪಿಗೆಯೋ ನಯವಾದ ನಿರಾಕರಣೆಯೋ ಎಂದು ತಿಳಿಯಲು ಭಾಷೆಯೇ ಬೇಕು. ಸೀರೆ ಅಂಗಡಿಯಲ್ಲಿ ಚೌಕಾಸಿ ಮಾಡಿದ ಯಾವ ಹೆಣ್ಣುಮಗಳಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಂಗಳೂರಿನಲ್ಲಿ ಜರ್ಮನಿಯ ಬಾಷ್ ಇದೆ, ಬಿಡದಿಯಲ್ಲಿ ಜಪಾನಿನ ಟೊಯೋಟಾ ಇದೆ. ಅಂಥ ಕಡೆ ಆ ದೇಶದ ಭಾಷೆಯಲ್ಲಿ ನಾಲ್ಕು ಮಾತಾಡಬಲ್ಲ ಹುಡುಗಿಯ ತೂಕವೇ ಬೇರೆ.

ಮಾತಿನ ಪರೀಕ್ಷೆ ಆಗದ ಕೆಲಸವೇನಲ್ಲ. ಫ್ರೆಂಚಿನ ಡೆಲ್ಫ್ ಪರೀಕ್ಷೆಯಲ್ಲಿ, ಗಯಟೆ ಸಂಸ್ಥೆಯ ಜರ್ಮನ್ ಪರೀಕ್ಷೆಯಲ್ಲಿ ಓದು ಬರಹದ ಜೊತೆಗೆ ಕೇಳುವುದನ್ನೂ ಮಾತಾಡುವುದನ್ನೂ ಪರೀಕ್ಷಿಸುತ್ತಾರೆ. ಅತ್ಯಂತ ಕೆಳಗಿನ ಮೆಟ್ಟಿಲಾದ ಎ1ರಲ್ಲೂ ಬಾಯಿ ಬಿಡದೆ ವಿಧಿಯಿಲ್ಲ. ನಮ್ಮ ವಿಶ್ವವಿದ್ಯಾಲಯಗಳೂ ಕಾಲುಭಾಗ ಅಂಕವನ್ನಾದರೂ ಮಾತಿಗೆ ಮೀಸಲಿಡಲಿ. ‘ಸ್ಕೋರಿಂಗು’ ಎಂಬ ಮಾತು ಅಂದೇ ನಿಲ್ಲುತ್ತದೆ.

ಈಗಿನ ವ್ಯವಸ್ಥೆಯಲ್ಲಿ ನಷ್ಟವಾಗುವುದು ಯಾರಿಗೆ? ಕೈಯಲ್ಲಿ ಕಾಸಿದ್ದವರ ಮಗಳು ಸಂಜೆ ಹೊರಗೆ ತರಗತಿಗೆ ಹೋಗಿ ನಿಜವಾದ ಫ್ರೆಂಚ್ ಕಲಿಯುತ್ತಾಳೆ. ಹಾಸ್ಟೆಲಿನಲ್ಲಿದ್ದು ಓದುವ ಸಣ್ಣ ಊರಿನ ಹುಡುಗಿ ಕಾಲೇಜು ಕೊಟ್ಟದ್ದನ್ನೇ ನಂಬಿರುತ್ತಾಳೆ. ಕನ್ನಡವನ್ನೂ ಬಿಟ್ಟು, ಫ್ರೆಂಚೂ ಬಾರದೆ, ಎರಡೂ ಕೈ ಖಾಲಿ. ಸಂದರ್ಶನದಲ್ಲಿ ಅವಳ ತೊಂಬತ್ತೈದನ್ನು ನೋಡಿ ಯಾರಾದರೂ ಫ್ರೆಂಚಿನಲ್ಲಿ ಒಂದು ಪ್ರಶ್ನೆ ಕೇಳಿದರೆ ತಲೆ ತಗ್ಗಿಸಬೇಕಾದವಳು ಅವಳೇ ಹೊರತು ಪಠ್ಯಕ್ರಮ ಮಾಡಿದವರಲ್ಲ.

ಬಾಯಿದ್ದವರು ಬರಗಾಲದಲ್ಲೂ ಬದುಕಿದರು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಇನ್ನು ಮುಂದೆ ಕಾಲೇಜಿನ ಮೆಟ್ಟಿಲು ಹತ್ತಿದಾಗ ‘ಯಾವ ಭಾಷೆಯಲ್ಲಿ ಅಂಕ ಜಾಸ್ತಿ?’ ಎಂದು ಕೇಳುವುದನ್ನು ಬಿಡೋಣ. ‘ಮೂರು ವರ್ಷ ಕಳೆದ ಮೇಲೆ ನನ್ನ ಮಗಳು ಇದರಲ್ಲಿ ಮಾತಾಡುತ್ತಾಳೆಯೇ?’ ಎಂದು ಕೇಳೋಣ. ಉತ್ತರ ಕೊಡದಿದ್ದರೆ ಕೊಡುವತನಕ ಅಲ್ಲಿಂದ ಏಳುವುದು ಬೇಡ.