ತೋಟದ ಔಷಧ, ಹಲಬ್ಜಾದ ವಿಷ

ಮಳೆಗಾಲಕ್ಕೆ ಮುನ್ನ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಿಕೆ ತೋಟಗಳಲ್ಲಿ ಬೋರ್ಡೋ ದ್ರಾವಣದ ಸಿಂಪಡಣೆ ನಡೆಯುತ್ತದೆ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಕೊಳೆರೋಗದಿಂದ ಫಸಲನ್ನು ಕಾಯುವ ಈ ನೀಲಿ ನೀರು ರಸಾಯನಶಾಸ್ತ್ರವು ಮಲೆನಾಡಿಗೆ ಮಾಡಿದ ಉಪಕಾರ. ಆದರೆ ಔಷಧದಂಗಡಿಯ ಮತ್ತೊಂದು ಕಪಾಟಿನಲ್ಲಿರುವ ಆರ್ಗನೊಫಾಸ್ಫೇಟ್ ಕೀಟನಾಶಕಗಳ ವಂಶವೃಕ್ಷ ಇಷ್ಟು ನಿರ್ಮಲವಾದುದಲ್ಲ. 1936ರಲ್ಲಿ ಜರ್ಮನಿಯ ಗೆರ್ಹಾರ್ಡ್ ಶ್ರಾಡರ್ ಕೀಟಗಳಿಗೆ ಮದ್ದು ಹುಡುಕುತ್ತಿದ್ದಾಗ ಕೈಗೆ ಸಿಕ್ಕಿದ್ದು ಟಬುನ್ ಎಂಬ ನರವಿಷ. ಅದನ್ನು ಸೇನೆ ವಶಪಡಿಸಿಕೊಂಡಿತು. 1938ರಲ್ಲಿ ಸರಿನ್ ಬಂತು. ಕೀಟನಾಶಕ ಸೇವಿಸಿ ಆಸ್ಪತ್ರೆಗೆ ಬಂದ ರೈತನಿಗೂ ಸರಿನ್ ಸೋಕಿದವನಿಗೂ ವೈದ್ಯರು ಚುಚ್ಚುವುದು ಒಂದೇ ಅಟ್ರೋಪಿನ್. ಎರಡೂ ವಿಷಗಳು ನರಗಳನ್ನು ಹಿಡಿಯುವ ರೀತಿ ಒಂದೇ.

ಈ ವಿಷ ಮುಸ್ಲಿಮರ ಮೇಲೆಯೇ ಎರಗಿದ್ದು 1988ರ ಮಾರ್ಚ್ 16ರಂದು, ಇರಾಕಿನ ಕುರ್ದ್ ಪಟ್ಟಣ ಹಲಬ್ಜಾದಲ್ಲಿ. ಸತ್ತವರು ಸುಮಾರು ಐದು ಸಾವಿರ. ಮನೆಯ ಹೊಸ್ತಿಲಲ್ಲಿಯೇ ಮಗುವನ್ನು ಅಪ್ಪಿಕೊಂಡು ಬಿದ್ದಿದ್ದ ತಂದೆಯ ಚಿತ್ರವನ್ನು ಜಗತ್ತು ನೋಡಿತು. ಕೊಂದವನು ಸದ್ದಾಂ ಹುಸೇನ್. ಅನ್ಯರ ಕ್ರೌರ್ಯದ ಬಗ್ಗೆ ಗಂಟೆಗಟ್ಟಲೆ ಮಾತನಾಡುವ ನಮ್ಮ ವೇದಿಕೆಗಳಲ್ಲಿ ಹಲಬ್ಜಾದ ಹೆಸರು ಎಷ್ಟು ಬಾರಿ ಕೇಳಿಬಂದಿದೆ? ಹಂತಕನೂ ನಮ್ಮವನೇ ಎಂಬ ಸಂಕೋಚವಲ್ಲದೆ ಈ ಮೌನಕ್ಕೆ ಬೇರೆ ಕಾರಣ ನಮಗೆ ತೋರುವುದಿಲ್ಲ.

ಹಾಗೆಂದು ಅಪರಾಧ ಬಾಗ್ದಾದಿನಲ್ಲಿಯೇ ಮುಗಿಯುವುದಿಲ್ಲ. ಸಾಸಿವೆ ಅನಿಲಕ್ಕೆ ಬೇಕಾದ ಥಯೋಡೈಗ್ಲೈಕಾಲ್ ಎಂಬ ರಾಸಾಯನಿಕವನ್ನು ಸಾವಿರ ಟನ್ನಿಗೂ ಮಿಕ್ಕಿ ಸದ್ದಾಂಗೆ ಪೂರೈಸಿದವನು ಡಚ್ ವ್ಯಾಪಾರಿ ಫ್ರಾನ್ಸ್ ವಾನ್ ಆನ್ರಾಟ್. ಬಟ್ಟೆಗೆ ಬಣ್ಣ ಹಾಕಲೆಂದು ಭಾವಿಸಿದ್ದೆ ಎಂಬುದು ಆತನ ಸಮರ್ಥನೆ! ಆ ರಾಸಾಯನಿಕಕ್ಕೆ ಅಂಥ ಬಳಕೆಯೂ ಇದೆ ಎಂಬುದು ನಿಜ. 2005ರಲ್ಲಿ ಹೇಗ್ ನ್ಯಾಯಾಲಯ ಅದನ್ನು ನಂಬದೆ ಹದಿನೈದು ವರ್ಷಗಳ ಶಿಕ್ಷೆ ವಿಧಿಸಿತು.

1997ರಲ್ಲಿ ಜಾರಿಗೆ ಬಂದ ರಾಸಾಯನಿಕ ಅಸ್ತ್ರ ನಿಷೇಧ ಒಪ್ಪಂದ ಹಿಡಿಯಲು ಹೊರಟಿರುವುದು ಇಂಥ ಲೆಕ್ಕಪುಸ್ತಕಗಳನ್ನೇ. ಯಾವ ಕಾರ್ಖಾನೆ ಏನನ್ನು ತಯಾರಿಸಿತು, ಯಾರಿಗೆ ಮಾರಿತು ಎಂಬುದನ್ನು ಘೋಷಿಸಬೇಕು, ತನಿಖೆಗೆ ಬಾಗಿಲು ತೆರೆಯಬೇಕು. ಭಾರತ 2000ದಲ್ಲಿ ಇದಕ್ಕಾಗಿಯೇ ಕಾನೂನು ಮಾಡಿತು. 2009ರ ಹೊತ್ತಿಗೆ ತನ್ನಲ್ಲಿದ್ದ ದಾಸ್ತಾನನ್ನೂ ನಾಶಪಡಿಸಿತು. ಇದು ಶ್ಲಾಘನೀಯ. ನಿಷೇಧವೇನೋ ಪಟ್ಟಿಯಲ್ಲಿಲ್ಲದ ವಿಷಗಳಿಗೂ ಅನ್ವಯಿಸುತ್ತದೆ. ಆದರೆ ಮುಖ್ಯವಾಗಿ ಪಟ್ಟಿಯಲ್ಲಿರುವ ವಸ್ತುಗಳ ಮೇಲೆಯೇ ಕಣ್ಣಿಟ್ಟಿರುವ ತನಿಖೆ ಪಟ್ಟಿಯಲ್ಲಿಲ್ಲದ್ದನ್ನು ಹೇಗೆ ಹಿಡಿದೀತು? 2022ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಅಮೆರಿಕದ ಸಂಶೋಧಕರು ಔಷಧ ಹುಡುಕುವ ತಮ್ಮ ಕಂಪ್ಯೂಟರ್ ತಂತ್ರಾಂಶವನ್ನು ವಿಷ ಹುಡುಕುವಂತೆ ತಿರುಗಿಸಿ ನೋಡಿದರು. ಆರು ಗಂಟೆಯೊಳಗೆ ನಲವತ್ತು ಸಾವಿರ ಅಣುವಿನ್ಯಾಸಗಳು ಹೊರಬಂದವು. ಕಾಗದದ ಮೇಲಿನ ಅಣು ಅಸ್ತ್ರವಲ್ಲ, ನಿಜ. ಅದಕ್ಕೆ ಕಚ್ಚಾವಸ್ತು ಬೇಕು, ಪ್ರಯೋಗಾಲಯ ಬೇಕು, ಕಣ್ಣುಮುಚ್ಚಿ ಮಾರುವ ವ್ಯಾಪಾರಿಯೂ ಬೇಕು.

ನಮ್ಮ ಪಟ್ಟಣಗಳ ಹುಡುಗ ಹುಡುಗಿಯರು ಇಂದು ಬಿ.ಎಸ್ಸಿ. ಮುಗಿಸಿ ಔಷಧ ಕಂಪೆನಿಗಳಿಗೆ, ಕೊಲ್ಲಿ ದೇಶಗಳ ಕಾರ್ಖಾನೆಗಳಿಗೆ ಹೋಗುತ್ತಿದ್ದಾರೆ. ಆದೇಶಪತ್ರ ಸಂಶಯಾಸ್ಪದವೆನಿಸಿದರೆ ಯಾರಿಗೆ ತಿಳಿಸಬೇಕು, ಸಹಿ ಹಾಕಲು ಹೇಗೆ ನಿರಾಕರಿಸಬೇಕು ಎಂಬುದನ್ನು ಅವರಿಗೆ ಒಂದು ತರಗತಿಯಲ್ಲಾದರೂ ಕಲಿಸಬೇಕು. ಕಾಲೇಜುಗಳ ಆಡಳಿತ ಮಂಡಳಿಗಳು ಮುಂದಿನ ವರ್ಷವೇ ಇದನ್ನು ಆರಂಭಿಸಬಹುದು. ಸರಕಾರದ ಆದೇಶಕ್ಕಾಗಿ ಕಾಯಬೇಕಿಲ್ಲ. ಇನ್ನು ಒಪ್ಪಂದದ ಮಾತು. ಇಸ್ರೇಲ್ ಸಹಿ ಹಾಕಿಯೂ ಅದನ್ನು ಅನುಮೋದಿಸಿಲ್ಲ. ಈಜಿಪ್ಟ್ ಸಹಿಯನ್ನೇ ಹಾಕಿಲ್ಲ. ಮೊದಲನೆಯದನ್ನು ಖಂಡಿಸುವ ಠರಾವಿನಲ್ಲಿ ಎರಡನೆಯದರ ಹೆಸರನ್ನೂ ಬರೆಯುವ ಧೈರ್ಯ ನಮ್ಮ ಸಂಘಟನೆಗಳಿಗೆ ಇದೆಯೇ?